ಮಾವನವರನ್ನು ಕಾಟಾಕ್ಕೆ ಹಾಕಿಸಿ

ಕೃಷ್ಣೆ, ದೂಧಗಂಗೆ, ವೇದಗಂಗೆ ಹರಿಯುವ ನಮ್ಮ ಐದು ತಾಲ್ಲೂಕುಗಳಲ್ಲಿ ದರ ಇಲ್ಲದ ದುಡಿಮೆ ಹುಡುಕುವುದು ಕಷ್ಟ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯಲ್ಲಿ ಕಬ್ಬಿಗೆ ಟನ್ನಿನ ದರ. ನಿಪ್ಪಾಣಿಯಲ್ಲಿ ತಂಬಾಕಿಗೆ ಕಿಲೋದ ದರ, ಬೀಡಿ ಕಟ್ಟಿದರೆ ಸಾವಿರದ ದರ. ಅಥಣಿಯ ಚಪ್ಪಲಿಗೆ ಜೋಡಿಯ ದರ. ಆ ಚಪ್ಪಲಿಯನ್ನು ಕೊಲ್ಲಾಪುರಿ ಎಂದು ಕರೆದು ಹೆಸರೆಲ್ಲ ಗಡಿಯಾಚೆಯವರಿಗೆ ಕೊಟ್ಟರೂ ಭೌಗೋಳಿಕ ಮಾನ್ಯತೆಯಲ್ಲಿ ಬೆಳಗಾವಿ ಜಿಲ್ಲೆಗೂ ಪಾಲಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದ್ದೇ ಚಪ್ಪಲಿಯನ್ನು ಮಿಲಾನ್‌ನ ಫ್ಯಾಷನ್ ವೇದಿಕೆ ಹತ್ತಿಸಿತು, ಜನರಿಂದ ಬೈಸಿಕೊಂಡಿತು, ಕೊನೆಗೆ ಇದರ ಮೂಲ ಭಾರತದ್ದೇ ಎಂದು ಒಪ್ಪಿಕೊಂಡಿತು. ಕಾಲಿಗೆ ಮೆಟ್ಟುವ ವಸ್ತುವಿಗೆ ಮಿಲಾನ್‌ವರೆಗೂ ಮರ್ಯಾದೆ ಸಿಕ್ಕಿತು. ಕಾಲು ಎತ್ತಿಡಲಾಗದವರ ಕಾಲನ್ನು ಎತ್ತಿಡುವ ಹೆಂಗಸಿಗೆ ಮಾತ್ರ ಅವಳ ಓಣಿಯಲ್ಲೇ ದರ ಇಲ್ಲ.

‘ಛೇ ಛೇ, ಅದಕ್ಕೆಲ್ಲ ದರಾ ಕಟ್ಟತಾರೇನ್ರಿ? ಅದು ಪುಣ್ಯದ ಕೆಲಸ’ ಅನ್ನುತ್ತಾರೆ ನಮ್ಮ ಗೌಡರು.

ಹೀಗೆ ಅನ್ನುವ ಗೌಡರೇ 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನ ಕಬ್ಬಿನ ದರದ ಹೋರಾಟಕ್ಕೆ ಟ್ರ್ಯಾಕ್ಟರ್ ತುಂಬ ಮಂದಿ ಕರೆದೊಯ್ದವರು. ಟನ್ನಿಗೆ 3,500 ಕೇಳಿದರು, ರಸ್ತೆ ತಡೆದರು, ಚಳಿಯಲ್ಲಿ ಅಲ್ಲೇ ಮಲಗಿದರು, ಕೊನೆಗೆ ಸರ್ಕಾರ 3,300ಕ್ಕೆ ಬಂದು ನಿಂತಿತು. ಅನ್ನದಾತ, ನೇಗಿಲಯೋಗಿ, ದೇಶದ ಬೆನ್ನೆಲುಬು ಎಂದು ವೇದಿಕೆಯಿಂದ ಎಷ್ಟು ಹೊಗಳಿದರೂ ಗೌಡರು ಕರಗಲಿಲ್ಲ. ‘ಹೊಗಳೂದ ಇರಲಿ, ದರಾ ಹೇಳ್ರಿ’ ಅಂದರು. ಈ ಬುದ್ಧಿ ನನಗೆ ಬಹಳ ಹಿಡಿಸಿತು. ಅದನ್ನು ಹೊಲದಿಂದ ಪಡಸಾಲೆಯವರೆಗೆ ತಂದರೆ ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಆದ್ದರಿಂದ ನನ್ನ ಮನವಿ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಅಲ್ಲ, ಆರೋಗ್ಯ ಇಲಾಖೆಗೂ ಅಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸವನ್ನು ದಯವಿಟ್ಟು ಸಕ್ಕರೆ ಇಲಾಖೆಗೆ ವರ್ಗಾಯಿಸಿ. ಅಲ್ಲಿಯವರಿಗೆ ತೂಕ ಗೊತ್ತು, ದರ ಗೊತ್ತು, ಬಡ್ಡಿಯೂ ಗೊತ್ತು.

ಲೆಕ್ಕ ಒಪ್ಪಿಸುತ್ತೇನೆ. ನಮ್ಮ ಭಾಗದ ಯಾವ ಹಳ್ಳಿಗೆ ಹೋದರೂ ಲಕ್ವಾ ಹೊಡೆದು ಮಲಗಿದ ಒಬ್ಬ ಮಾವ ಸಿಗುತ್ತಾನೆ. ಮಿರಜದ ದವಾಖಾನೆಗೆ ಹೋಗಿ ಬಂದಿರುತ್ತಾನೆ; ಕಾಗವಾಡದವರಿಗೆ ಬೆಳಗಾವಿ ಅಂದರೆ ಕಚೇರಿ, ಮಿರಜ ಅಂದರೆ ಜೀವ. ಮೂಗಿನಲ್ಲಿ ನಳಿಗೆ, ಮಂಚದ ಕೆಳಗೆ ಮೂತ್ರದ ಚೀಲ. ಇವನನ್ನು ಸಂಭಾಳಿಸುವ ವಿದ್ಯೆಯನ್ನು ಸೊಸೆಗೆ ಕಲಿಸಿದವಳು ಅಲ್ಲಿಯ ನರ್ಸ್: ಡಿಸ್ಚಾರ್ಜ್ ದಿನ, ಬಿಲ್ ಕಟ್ಟುವ ಗಡಿಬಿಡಿಯಲ್ಲಿ, ಹತ್ತು ನಿಮಿಷ, ಅರ್ಧ ಮರಾಠಿಯಲ್ಲಿ. ನಳಿಗೆಯಲ್ಲಿ ಗಂಜಿ ಹಾಕುವಾಗ ತಲೆ ಎತ್ತರಕ್ಕಿರಬೇಕು, ಇಲ್ಲದಿದ್ದರೆ ಪುಪ್ಪುಸಕ್ಕೆ ಇಳಿದೀತು. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗಿ ಎಲುಬು ಕಾಣುತ್ತದೆ. ನರ್ಸಿಂಗ್ ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿ, ಪರೀಕ್ಷೆ ಬರೆದು, ಟೋಪಿ ಹಾಕಿಸಿಕೊಂಡು ಕೈಹಚ್ಚುವ ಕೆಲಸವನ್ನು ಸೊಸೆ ಆ ಸಂಜೆಯಿಂದಲೇ ಶುರು ಮಾಡುತ್ತಾಳೆ. ತಪ್ಪಾದರೆ ‘ನೋಡಿಕೊಳ್ಳಲಿಲ್ಲ’ ಎಂದು ನಾದಿನಿ ಫೋನ್ ಮಾಡುತ್ತಾಳೆ, ಸಾಂಗ್ಲಿಯಿಂದ.

ಈಗ ತೂಕಕ್ಕೆ ಬರೋಣ. ಮಾವ 60 ಕಿಲೋ ಅನ್ನಿ. ಎರಡು ತಾಸಿಗೊಮ್ಮೆ ಅಂದರೆ ದಿನಕ್ಕೆ 12 ಸಲ. ದಿನಕ್ಕೆ 720 ಕಿಲೋ, ತಿಂಗಳಿಗೆ 21.6 ಟನ್. ಬಯಲಕಡೆಗೆ ಕೂರಿಸುವುದು, ಮೈ ಒರೆಸುವುದು, ಮುಂಜಾನೆ ಬಿಸಿಲಿಗೆ ತಂದು ಹಾಕುವುದು ಇದರಲ್ಲಿ ಸೇರಿಲ್ಲ. ಅಷ್ಟನ್ನು ಕಾರ್ಖಾನೆಯ ತೂಕದ ಕಾಟಾದಲ್ಲಿ ಹೊಡೆದರು ಎಂದುಕೊಂಡು ಬಿಟ್ಟುಬಿಡೋಣ, ನಮಗದು ರೂಢಿ. 21.6 ಟನ್ನಿಗೆ 3,300ರಂತೆ 71,280 ರೂಪಾಯಿ.

ಗಾಬರಿ ಬೇಡ. ಮಾವ ಕಬ್ಬಲ್ಲ, ಒಪ್ಪಿದೆ. ಅವನನ್ನು ಗಾಣಕ್ಕೆ ಕೊಟ್ಟರೆ ಏನೂ ಬರುವುದಿಲ್ಲ. ಬರುವಷ್ಟನ್ನು ಮಕ್ಕಳು ಆಗಲೇ ಹಿಂಡಿಕೊಂಡಿದ್ದಾರೆ. ಹಾಗಾಗಿ ಕಬ್ಬಿನ ದರ ಬೇಡ, ಕಡಿಯುವ ಕೂಲಿ ಕೊಡಿ. ಗಡಿಯಾಚೆ ಮಹಾರಾಷ್ಟ್ರದಲ್ಲಿ 2024ರಲ್ಲಿ ಕಟಾವಿನ ಕೂಲಿ ಟನ್ನಿಗೆ 366 ರೂಪಾಯಿ ಎಂದು ಒಪ್ಪಂದವಾಯಿತು. ಆ ಲೆಕ್ಕದಲ್ಲೂ ಸೊಸೆಗೆ ತಿಂಗಳಿಗೆ 7,905 ರೂಪಾಯಿ ಬರಬೇಕು. ಕಟಾವು ಗ್ಯಾಂಗಿನವರಿಗೆ ಹಂಗಾಮಿಗೆ ಮೊದಲೇ ಉಚಲ್ ಎಂಬ ಮುಂಗಡ ಸಾಲ ಕೊಡುತ್ತಾರೆ. ಸೊಸೆಗೂ ಅದನ್ನು ಕೊಟ್ಟಾಗಿದೆ, ಮದುವೆಯ ದಿನ, ತಾಳಿಯ ರೂಪದಲ್ಲಿ. ಆ ಸಾಲ ಅವಳು ಇನ್ನೂ ತೀರಿಸುತ್ತಲೇ ಇದ್ದಾಳೆ.

ಇದೆಲ್ಲ ತಮಾಷೆ, ಮನೆಯವರ ದುಡಿಮೆಗೆ ಯಾರಾದರೂ ಬೆಲೆ ಕಟ್ಟುತ್ತಾರೆಯೇ ಎಂದು ಕೇಳುವವರಿಗೆ ಒಂದು ಮಾಹಿತಿ. ಕಬ್ಬಿನ ವಿಷಯದಲ್ಲಿ ಭಾರತ ಸರ್ಕಾರ ಅದನ್ನೇ ಮಾಡುತ್ತದೆ. ಕೇಂದ್ರದ ನ್ಯಾಯಯುತ ಮತ್ತು ಲಾಭದಾಯಕ ದರದ (ಎಫ್‌ಆರ್‌ಪಿ) ನಿಗದಿಗೆ ನೋಡುವ ಉತ್ಪಾದನಾ ವೆಚ್ಚದಲ್ಲಿ ಬೀಜ, ಗೊಬ್ಬರ, ಡೀಸೆಲ್, ಕೂಲಿಯ ಜೊತೆ ಕುಟುಂಬದವರು ಕೂಲಿ ಇಲ್ಲದೆ ದುಡಿದದ್ದಕ್ಕೂ ಒಂದು ಮೊತ್ತ ಕಟ್ಟಿ ಸೇರಿಸುತ್ತಾರೆ. 2025-26ರ ಹಂಗಾಮಿಗೆ ಹೀಗೆ ಲೆಕ್ಕ ಹಾಕಿದ ವೆಚ್ಚ ಕ್ವಿಂಟಲಿಗೆ 173 ರೂಪಾಯಿ. ಕೊಟ್ಟ ಎಫ್‌ಆರ್‌ಪಿ 355. ಅಂದರೆ ಸೊಸೆ ಹಿತ್ತಲ ಬಾಗಿಲು ದಾಟಿ ಕಬ್ಬಿಗೆ ನೀರು ಹಾಯಿಸಿದರೆ ದಿಲ್ಲಿಯ ಕಡತದಲ್ಲಿ ಅವಳ ಕೈಗೆ ಬೆಲೆ ಇದೆ. ಅದೇ ಕೈ ಒಳಗೆ ಬಂದು ಮಾವನ ನಳಿಗೆಗೆ ನೀರು ಹಾಯಿಸಿದರೆ ಬೆಲೆ ಇಲ್ಲ. ಬಾಗಿಲಿನ ಹೊಸ್ತಿಲಲ್ಲೇ ಎಲ್ಲೋ ಸೋರಿಕೆ ಇರಬೇಕು, ನೀರಾವರಿ ಇಲಾಖೆಯವರು ಒಮ್ಮೆ ನೋಡಬೇಕು.

ಕಬ್ಬಿಗೆ ಇನ್ನೊಂದು ಭಾಗ್ಯವಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ಕೊಡುತ್ತಾರೋ ಇಲ್ಲವೋ ಎಂದು ನಮ್ಮ ರೈತರನ್ನು ಕೇಳಬೇಡಿ, ಊಟದ ಹೊತ್ತು. ಆದರೆ ಕಾಗದದಲ್ಲಾದರೂ ಬಡ್ಡಿ ಇದೆ. ಅಂಗವಿಕಲರ ಪಿಂಚಣಿ, ಆಶಾ ಅಕ್ಕನ ಪ್ರೋತ್ಸಾಹಧನ ತಿಂಗಳು ತಡವಾದರೆ ಬಡ್ಡಿ ಇಲ್ಲ. ಅವು ದರವಲ್ಲ, ದಯೆ. ದಯೆಗೆ ಬಡ್ಡಿ ಕೇಳುವುದು ಯಾವ ಸಂಸ್ಕೃತಿ?

ರಾಜ್ಯ ಸರ್ಕಾರ ಏನೂ ಮಾಡಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. 2024-25ರ ಬಜೆಟ್ಟಿನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಲಾಯಿತು. ಚಪ್ಪಾಳೆ. ಮಗ್ಗುಲು ಬದಲಿಸುವ ಲೆಕ್ಕದಲ್ಲಿ ಭಾಗಿಸಿ ನೋಡಿದೆ: ಸಲಕ್ಕೆ 2 ರೂಪಾಯಿ 77 ಪೈಸೆ. ಬಸ್ ಸ್ಟ್ಯಾಂಡಿನ ಶೌಚಾಲಯದವನು ಬಾಗಿಲು ತೋರಿಸುವುದಕ್ಕೇ ಇದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಾನೆ. ಅದೂ ಎಲ್ಲರಿಗೂ ಅಲ್ಲ. ಮೆದುಳಿನ ಪಾರ್ಶ್ವವಾಯು ಎಂದು ಹೇಳುವ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನಾಲ್ಕು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ. ಬೈಕಿನಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡ ಹುಡುಗ, ಮರೆವಿನಲ್ಲಿ ಮಗಳನ್ನೇ ಕಳ್ಳಿ ಎನ್ನುವ ಅಜ್ಜಿ, ನಮ್ಮ ಲಕ್ವಾದ ಮಾವ ಈ ಪಟ್ಟಿಯಲ್ಲಿಲ್ಲ. ರೋಗ ಆಯ್ದುಕೊಳ್ಳುವಾಗ ಅವರು ಬಜೆಟ್ ಭಾಷಣ ಓದಿಕೊಳ್ಳಬೇಕಾಗಿತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಉದಾರಿ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಇರಬೇಕು ಎಂದು ಅದರಲ್ಲಿದೆ. ಆದರೆ ಸರ್ಕಾರದ ಆರ್ಥಿಕ ಶಕ್ತಿಗೆ ತಕ್ಕಂತೆ ಎಂಬ ಬಾಲಂಗೋಚಿಯೂ ಇದೆ. ಆರೈಕೆದಾರ ಎಂದರೆ ಯಾರು ಎಂದು ಹೇಳುವಾಗ ತಂದೆ ತಾಯಿ, ಮನೆಯವರು, ಹೊರಗಿನವರು, ಹಣ ತೆಗೆದುಕೊಂಡೋ ತೆಗೆದುಕೊಳ್ಳದೆಯೋ ನೋಡಿಕೊಳ್ಳುವವರೆಲ್ಲರೂ ಎಂದಿದೆ. ಎರಡರಲ್ಲಿ ಯಾವುದು ಅಗ್ಗ ಎಂದು ಓದಿಕೊಳ್ಳುವಷ್ಟು ಕಾನೂನುಜ್ಞಾನ ಪ್ರತಿ ಕುಟುಂಬಕ್ಕೂ ಇರುತ್ತದೆ. ಜರ್ಮನಿಯವರಿಗೆ ಇಂಥ ಜ್ಞಾನ ಇಲ್ಲ. 1995ರಲ್ಲೇ ಆರೈಕೆಗೆಂದು ಪ್ರತ್ಯೇಕ ವಿಮೆ ಮಾಡಿ, ಮನೆಯವರೇ ನೋಡಿಕೊಂಡರೂ ನಗದು ಸಿಗುವಂತೆ ಮಾಡಿ ಕುಳಿತಿದ್ದಾರೆ. ಪಾಪ, ಅವರಿಗೆ ಸೊಸೆಯಂದಿರ ವ್ಯವಸ್ಥೆ ಇಲ್ಲ.

ನಮ್ಮಲ್ಲಿ ಗಂಡಸರು ಏನೂ ಮಾಡುವುದಿಲ್ಲ ಎನ್ನುವುದೂ ಅಪವಾದ. ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಅವರ ಹೆಸರಿದೆ. 2024ರ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಸಂಬಳವಿಲ್ಲದೆ ದಿನಕ್ಕೆ 289 ನಿಮಿಷ ದುಡಿಯುತ್ತಾರೆ, ತೊಡಗಿದ ಗಂಡಸರು 88 ನಿಮಿಷ. ಆ 88ರಲ್ಲಿ ‘ಚಾ ಆತೇನ?’ ಎಂದು ಕೇಳುವ ಸಮಯ ಸೇರಿದೆಯೋ ಎಂದು ಸಮೀಕ್ಷೆಯವರನ್ನು ಕೇಳಬೇಕು. ನಮ್ಮ ಮಾವನಿಗೆ ಮೂವರು ಗಂಡುಮಕ್ಕಳು. ಒಬ್ಬ ಪುಣೆಯಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಮನೆಯಲ್ಲಿ. ಪುಣೆಯವನು ‘ಖರ್ಚಿನ ಚಿಂತಿ ಮಾಡಬ್ಯಾಡ್ರಿ’ ಅಂದಿದ್ದಾನೆ, ಅವನು ಚಿಂತೆ ಮಾಡುವುದಿಲ್ಲ. ಬೆಂಗಳೂರಿನವನು ವಿಡಿಯೋ ಕಾಲ್ ಮಾಡಿ ‘ಅಪ್ಪಾ ಸ್ವಲ್ಪ ಸೊರಗ್ಯಾನ’ ಎಂದು ಪರಿಶೀಲನಾ ವರದಿ ಕೊಡುತ್ತಾನೆ. ಮನೆಯಲ್ಲಿರುವವನು ‘ನಮ್ಮ ಮನೆಯಾಕಿ ನೋಡ್ಕೋತಾಳ’ ಎಂದು ಕಟ್ಟೆಯ ಮೇಲೆ ಹೇಳಿ ಒಳ್ಳೆಯ ಮಗನೆನಿಸಿಕೊಂಡಿದ್ದಾನೆ.

ಈ ಮನೆಯಾಕಿಗೆ ಮುಂದೆ ಏನು ಸಿಗುತ್ತದೆ ನೋಡಿ. ಮಾವ ಉಯಿಲು ಬರೆಯದೆ ಕಣ್ಣುಮುಚ್ಚಿದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ದರ್ಜೆಯ ಹಕ್ಕುದಾರರಲ್ಲಿ ಗಂಡುಮಕ್ಕಳಿದ್ದಾರೆ, ಹೆಣ್ಣುಮಕ್ಕಳಿದ್ದಾರೆ, ಹೆಂಡತಿ, ತಾಯಿ ಇದ್ದಾರೆ. ಸೊಸೆ ಇಲ್ಲ. ಒಂದು ಸಂದರ್ಭದಲ್ಲಿ ಇದ್ದಾಳೆ: ಮಾವನಿಗಿಂತ ಮೊದಲು ಅವಳ ಗಂಡ ಸತ್ತಿದ್ದರೆ. ಅಂದರೆ ಹತ್ತು ವರ್ಷ ಮಾವನನ್ನು ಬದುಕಿಸಿಕೊಂಡದ್ದಕ್ಕೆ ಅವಳಿಗೆ ಪಾಲಿಲ್ಲ, ಗಂಡನನ್ನು ಉಳಿಸಿಕೊಳ್ಳದಿದ್ದರೆ ಪಾಲುಂಟು. ಕಾನೂನು ಮಾಡಿದವರು ಮನೆಯಲ್ಲಿ ಧೈರ್ಯವಾಗಿ ಊಟ ಮಾಡುತ್ತಿದ್ದರು ಅನಿಸುತ್ತದೆ.

ಸ್ವಲ್ಪ ಉಳ್ಳವರ ಮನೆಗೆ ಮಿರಜ, ನಿಪ್ಪಾಣಿ ಕಡೆಯಿಂದ ಮಲಗಿದವರನ್ನು ನೋಡಿಕೊಳ್ಳಲು ಕೂಲಿಯ ಮಾವಶಿ ಬರುತ್ತಾಳೆ. ಹಗಲಿನ ಪಾಳಿ, ರಾತ್ರಿಯ ಪಾಳಿ, ಇಲ್ಲವೇ ಎರಡೂ ಕೂಡಿ ‘ಇಪ್ಪತ್ನಾಲ್ಕು ತಾಸು’. ಕಾರ್ಖಾನೆಯಲ್ಲಿ ಇಪ್ಪತ್ನಾಲ್ಕು ತಾಸಿನ ಪಾಳಿ ಎಂದರೆ ಕಾರ್ಮಿಕ ಇಲಾಖೆ ಎದ್ದು ಕೂರುತ್ತದೆ. ಮನೆಯಲ್ಲಿ ಅದಕ್ಕೆ ‘ಮನೀ ಮಗಳಂಗ ಇರ್ತಾಳ’ ಎಂದು ಹೆಸರು. 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ನಮ್ಮದು. ಆ ಆದೇಶ ಯಾವ ಮನೆಯ ಬಾಗಿಲನ್ನು ತಟ್ಟಿತೋ, ಯಾರು ತೆರೆದರೋ, ತಿಳಿಯದು. ಏಜೆಂಟ್ ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕೈಗಿಡುತ್ತಾನೆ. ರಜೆ ಕೇಳಿದರೆ ಅಜ್ಜನಿಗೆ ರಜೆ ಉಂಟೇ ಎಂಬ ತತ್ತ್ವಜ್ಞಾನ ಎದುರಾಗುತ್ತದೆ.

ಆದರೆ ಕೆಲಸಕ್ಕೆ ಗೊತ್ತುಮಾಡುವ ಹೊತ್ತಿಗೆ ಕೇಳುವ ಮೊದಲ ಪ್ರಶ್ನೆ ಇದ್ಯಾವುದೂ ಅಲ್ಲ. ನಳಿಗೆ ಹಾಕಲು ಬರುತ್ತದೆಯೇ, ಕಫ ತೆಗೆಯಲು ಬರುತ್ತದೆಯೇ, ಫಿಟ್ಸ್ ಬಂದರೆ ಏನು ಮಾಡುತ್ತಿ? ಇವೆಲ್ಲ ಆಮೇಲೆ. ಮೊದಲಿಗೆ, ‘ಯಾವ ಮಂದಿ?’ ಉತ್ತರ ಹಿತವಾಗಿರದಿದ್ದರೂ ಬೇರೆ ಯಾರೂ ಬರುವುದಿಲ್ಲವಾದ್ದರಿಂದ ಒಪ್ಪಂದವಾಗುತ್ತದೆ: ಅಜ್ಜನ ಮೈ ಪೂರ್ತಿ ಅವಳ ಕೈಯಲ್ಲಿ, ಅಡುಗೆಮನೆ ಪೂರ್ತಿ ನಮ್ಮ ಕೈಯಲ್ಲಿ. ಅವಳು ಅಜ್ಜನ ಹೇಲು ಬಳಿಯಬಹುದು, ನೀರಿನ ಕೊಡ ಮುಟ್ಟುವಂತಿಲ್ಲ. ಅವಳ ಲೋಟ ಕಿಟಕಿಯಲ್ಲಿ. ಬಸವ ಜಯಂತಿಯ ದಿನ ಇದೇ ಪಡಸಾಲೆಯಲ್ಲಿ ಕಾಯಕದ ಬಗ್ಗೆ ಭಾಷಣವಾದಾಗ ಅಜ್ಜನ ಬಾಯಿ ಒರೆಸುತ್ತ ಅವಳೂ ಕೇಳಿದಳು. ಮೈಕು ಜೋರಾಗಿದ್ದರಿಂದ ಕೇಳದೆ ಗತ್ಯಂತರ ಇರಲಿಲ್ಲ.

ಸರ್ಕಾರವೇ ನೇಮಿಸಿದವರು ಇಲ್ಲವೇ? ಇದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಸ್ವತಃ ಅಂಗವಿಕಲರು. ಮೂರುಗಾಲಿ ಸ್ಕೂಟರಿನಲ್ಲಿ ಕಬ್ಬಿನ ಟ್ರ್ಯಾಲಿಗಳ ನಡುವೆ ನುಸುಳಿಕೊಂಡು ಊರೂರು ತಿರುಗಿ ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು, ಪಿಂಚಣಿ ಅರ್ಜಿ, ಸಮೀಕ್ಷೆ ಎಂದು ಓಡಾಡುತ್ತಾರೆ. ಅವರನ್ನು ಖಾಯಂ ಮಾಡಿ ಎಂಬ ಅರ್ಜಿಯನ್ನೂ ಅವರೇ ಹೊತ್ತುಕೊಂಡು ಓಡಾಡುತ್ತಾರೆ, ಅದು ಹೆಚ್ಚುವರಿ ಕೆಲಸ.

ಆಶಾ ಅಕ್ಕಂದಿರ ಕಥೆ ಇನ್ನೂ ದೊಡ್ಡ ಮಟ್ಟದ್ದು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾಗಳನ್ನು ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. ಜಾಗತಿಕ ನಾಯಕಿ ಬಾಣಂತಿ ಮನೆಗೆ ಆರು ಸಲ ಹೋಗಿ, ಕೂಸನ್ನು ತೂಗಿ, ಜ್ವರ ನೋಡಿ ಬಂದರೆ ಸಿಗುವುದು ಒಟ್ಟು 250 ರೂಪಾಯಿ. 2025ರ ಜನವರಿಯಲ್ಲಿ ನಮ್ಮ ಕಡೆಯ ನಾಯಕಿಯರೂ ಸೇರಿ ಸಾವಿರಾರು ಮಂದಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಖಾತ್ರಿ ಎಂಬ ಮಾತು ಸಿಕ್ಕಿತು, ಎದ್ದರು. ಆಗಸ್ಟ್‌ನಲ್ಲಿ ಆ ಮಾತನ್ನು ಹುಡುಕಿಕೊಂಡು ಮತ್ತೆ ಧರಣಿ ಕುಳಿತರು. ಕೋವಿಡ್ ಕಾಲದಲ್ಲಿ ಇವರಿಗಾಗಿ 2020ರ ಮಾರ್ಚ್ 22ರಂದು ನಾವು ತಟ್ಟೆ ಬಾರಿಸಿದ್ದೆವು. ಇಂಗ್ಲೆಂಡಿನವರು ಚಪ್ಪಾಳೆ ಶುರು ಮಾಡಿದ್ದು ಮಾರ್ಚ್ 26ರಂದು. ಈ ಒಂದು ವಿಷಯದಲ್ಲಿ ನಾವು ನಾಲ್ಕು ದಿನ ಮುಂದಿದ್ದೆವು ಎಂಬ ಹೆಮ್ಮೆ ನನಗೆ ಈಗಲೂ ಇದೆ.

ಆಶಾಗಳು ಹೇಗೋ ಬಸ್ಸು ಹತ್ತಿ ಧರಣಿಗೆ ಹೋದರು. ನಮ್ಮ ಸೊಸೆ, ನಮ್ಮ ಮಾವಶಿ ಎಲ್ಲಿಗೆ ಹೋಗಬೇಕು? ಹಂಗಾಮಿನಲ್ಲಿ ಟ್ರ್ಯಾಕ್ಟರ್ ನಿಂತರೆ ಕಾರ್ಖಾನೆಯ ಮಾಲೀಕ ಬೆವರುತ್ತಾನೆ. ಇವಳು ನಿಂತರೆ ಮಾಲೀಕ ಬೆವರುವುದಿಲ್ಲ, ಮಾವನ ಬೆನ್ನು ಹುಣ್ಣಾಗುತ್ತದೆ. ಅವಳ ಕೈಯಲ್ಲಿರುವ ಒಂದೇ ಅಸ್ತ್ರ ಬಡಿಯುವುದು ಅವಳು ನೋಡಿಕೊಳ್ಳುವ ದೇಹಕ್ಕೇ. ಇದನ್ನು ಅವಳಿಗಿಂತ ಮೊದಲು ತಿಳಿದುಕೊಂಡವರು ಮನೆಯವರು, ಏಜೆಂಟರು, ಹಣಕಾಸು ಇಲಾಖೆಯವರು. ಎರಡು ತಾಸಿನಲ್ಲಿ ಮುಗಿಯುವ ಮುಷ್ಕರಕ್ಕೆ ಯಾವ ಸರ್ಕಾರ ಹೆದರೀತು? ಗುರ್ಲಾಪುರದಲ್ಲಿ ದರ ಬಂದದ್ದು ಕಬ್ಬು ಒಣಗಿದರೆ ಒಣಗಲಿ ಎಂದು ಕೂರಲು ರೈತನಿಗೆ ಆದದ್ದರಿಂದ. ಮಾವ ಒಣಗಲಿ ಎಂದು ಕೂರಲು ಇವಳಿಗೆ ಆಗುವುದಿಲ್ಲ. ಆಗದಿರುವುದನ್ನು ನಾವು ಮಮತೆ ಎಂದು ಹಾಡಿ, ಮಹಿಳಾ ದಿನಾಚರಣೆಗೆ ಕರೆದು ಶಾಲು ಹೊದಿಸುತ್ತೇವೆ. ಅದಕ್ಕೂ ಅವಳು ತಡವಾಗಿ ಬರುತ್ತಾಳೆ. ಅಷ್ಟು ಹೊತ್ತು ಮನೆಯಲ್ಲಿ ಕೂರುವವರು ಸಿಗಬೇಕಲ್ಲ.

ದೊಡ್ಡವರಾದ ಬುದ್ಧಿಮಾಂದ್ಯ ಮಕ್ಕಳ ತಾಯಂದಿರದು ಬೇರೆಯೇ ಚಿಂತೆ. ‘ನಾವು ಹ್ವಾದ ಮ್ಯಾಲೆ ಇವನ್ನ ಯಾರ ನೋಡತಾರ?’ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹುಟ್ಟಿದ್ದೇ ಈ ಪ್ರಶ್ನೆಗೆ. ಅದರಡಿ ಇಂಥವರು ಆಸರೆಯೊಂದಿಗೆ ಕೂಡಿ ಬಾಳಲು ‘ಘರೌಂದಾ’ ಎಂಬ ಯೋಜನೆ ಇದೆ, ಆರೈಕೆದಾರರನ್ನು ತಯಾರಿಸಲು ‘ಸಹಯೋಗಿ’ ಎಂಬ ಯೋಜನೆ ಇದೆ. ಹೆಸರುಗಳು ಹಿಂದಿಯಲ್ಲಿ ಚೆಂದ ಇವೆ. ನಮ್ಮ ಹಳ್ಳಿಯಲ್ಲಿ ಆಸರೆಯ ಬದುಕು ಎಂದರೆ ಅಣ್ಣನ ಮನೆಯ ಹಿಂದಿನ ಕೋಣೆ, ದನದ ಕೊಟ್ಟಿಗೆಗೆ ಹೊಂದಿಕೊಂಡದ್ದು, ಹೊರಗಿನಿಂದ ಚಿಲಕ ಇರುವುದು. ಚಿಕ್ಕೋಡಿ ಜಿಲ್ಲೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಹಂಚಿದಾಗ ತಪ್ಪಿಹೋದ ಜಿಲ್ಲೆ ಅದು. ಇನ್ನೂ ಬರುತ್ತಲೇ ಇದೆ. ಬಂದ ಮೇಲೆ ಅಥಣಿಯ ತಾಯಿ ಅಂಗವಿಕಲರ ಕಲ್ಯಾಣಾಧಿಕಾರಿಯನ್ನು ಕಾಣಲು ಮಗನನ್ನು ಕಟ್ಟಿಕೊಂಡು ಬೆಳಗಾವಿಗೆ ಹೋಗಬೇಕಾಗಿಲ್ಲ. ಅಧಿಕಾರಿ ರಜೆ ಮೇಲಿದ್ದಾರೆ ಎಂಬುದನ್ನು ಚಿಕ್ಕೋಡಿಯಲ್ಲೇ ತಿಳಿದುಕೊಳ್ಳಬಹುದು.

ಮನೆ ಬಾಗಿಲಿಗೆ ಸರ್ಕಾರ ಬರುವುದೇ ಇಲ್ಲ ಎಂದು ಮಾತ್ರ ಯಾರೂ ಹೇಳಕೂಡದು. 2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರಿಗೆ, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದವರಿಗೆ ಮನೆಯಿಂದಲೇ ಮತ ಹಾಕುವ ಸೌಲಭ್ಯ ಸಿಕ್ಕಿತು. ಮಾವನ ಮಂಚದ ಹತ್ತಿರ ಮತಗಟ್ಟೆ ಅಧಿಕಾರಿಗಳು ಬಂದರು, ಪೊಲೀಸ್ ಬಂದ, ವಿಡಿಯೋದವನು ಬಂದ. ಮಾವನ ಗೌಪ್ಯತೆಗೆ ರಟ್ಟಿನ ಮರೆ ಕಟ್ಟಿದರು. ಅವನು ಮಲಗಿದಾಗಿನಿಂದ ಅವನಿಗೊಂದು ಮರೆ ಬೇಕು ಎಂದು ಯಾರಿಗಾದರೂ ಹೊಳೆದದ್ದು ಅದೇ ಮೊದಲು. ಸೊಸೆ ಎಲ್ಲರಿಗೂ ಚಹ ಮಾಡಿ ಕೊಟ್ಟಳು.

ಹಾಗಾಗಿ ನನ್ನ ಮನವಿ ಮಂಜೂರಾಗಿ ಆರೈಕೆ ಸಕ್ಕರೆ ಇಲಾಖೆಗೆ ವರ್ಗವಾದರೆ ಏನಾಗುತ್ತದೆ ಎಂದು ಊಹಿಸಿಕೊಂಡಿದ್ದೇನೆ. ಸೊಸೆ ಲೆಕ್ಕದ ಚೀಟಿ ಹಿಡಿದು ಕಾಟಾದ ಗುಮಾಸ್ತನ ಮುಂದೆ ನಿಲ್ಲುತ್ತಾಳೆ. ಅವನು ಚೀಟಿ ತಿರುಗಿಸಿ ನೋಡುತ್ತಾನೆ.

‘ಇಪ್ಪತ್ತೊಂದೂವರಿ ಟನ್ ಅಂತ ನೀವ ಬರಕೊಂಡ ಬಂದ್ರ ಹೆಂಗ? ರಿಕವರಿ ಎಷ್ಟ ಐತಿ?’

‘ರಿಕವರಿ ಇಲ್ಲಂತ ಡಾಕ್ಟರ್ ಹೇಳ್ಯಾರ್ರಿ.’

‘ರಿಕವರಿ ಇಲ್ಲಾಂದ್ರ ದರಾ ಹೆಂಗ ಕೂಡಸೂದು? ಇರಲಿ, ಮಾವನ್ನ ಇಲ್ಲಿ ತಂದ ಕಾಟಾಕ್ಕ ಹಾಕ್ರಿ.’

‘ಅವರಿಗೆ ಏಳಾಕ ಬರೂದಿಲ್ಲ. ವೋಟಿಗೆ ನೀವ ಮನೀಗೆ ಬಂದಿದ್ರೆಲ್ಲ?’

‘ಅದು ಬ್ಯಾರೆ ಸಿಬ್ಬಂದಿ, ಬ್ಯಾರೆ ಇಲಾಖೆ. ಮತ್ತ ಇನ್ನೊಂದ ಮಾತ, ಒಬ್ಬ ಮಾವನ ಸಲುವಾಗಿ ಕಾಟಾ ಚಾಲೂ ಮಾಡಾಕ ಬರೂದಿಲ್ಲ. ಓಣ್ಯಾಗ ಇನ್ನೂ ಮಲಗಿದವರ ಇರ್ತಾರಲ್ಲ, ಕೂಡಿಸಿ ಟ್ರ್ಯಾಲಿ ಭರ್ತಿ ಮಾಡ್ಕೊಂಡ ಬರ್ರಿ.’